ಬಳೆ ಅಡ ಇಟ್ಟು ಬಿಲ್ಲಿಂಗ್ ಕೋರ್ಸ್ ಸೇರಲೇ?

ಪ್ರಶ್ನೆ: ನನಗೆ 33 ವರ್ಷ. ಬಿ.ಕಾಂ. ಮುಗಿಸಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ, ಮಗಳು ಹುಟ್ಟಿದ ಮೇಲೆ ಬಿಟ್ಟೆ. ಈಗ ಅವಳು ಎರಡನೇ ಕ್ಲಾಸು. ಇಲ್ಲೊಂದು ಇನ್‌ಸ್ಟಿಟ್ಯೂಟ್‌ನವರು ಮೂರು ತಿಂಗಳ ಮೆಡಿಕಲ್ ಬಿಲ್ಲಿಂಗ್ ಅಂಡ್ ಕೋಡಿಂಗ್ ಕೋರ್ಸಿಗೆ 65,000 ಕೇಳುತ್ತಿದ್ದಾರೆ. ಕೆಲಸ ಗ್ಯಾರಂಟಿಯಂತೆ. ಈ ವಾರವೇ ಕಟ್ಟಿದರೆ ಐದು ಸಾವಿರ ಕಡಿಮೆ. ಯಜಮಾನರು 'ಅದು ಕಾಲ್ ಸೆಂಟರ್ ಕೆಲಸ, ರಾತ್ರಿಯೆಲ್ಲ ಹೊರಗೆ ಇರ್ತೀಯಾ?' ಎಂದು ಒಂದೇ ಮಾತಲ್ಲಿ ಮುಗಿಸಿದರು. ಅಮ್ಮ ಕೊಟ್ಟ ಎರಡು ಬಳೆ ಇವೆ. ಯಾರಿಗೂ ಹೇಳದೆ ಅಡ ಇಟ್ಟು ಸೇರಿಬಿಡಲೇ?
– ಹೆಸರು ಬೇಡ, ವಿಜಯನಗರ

ಉತ್ತರ: ಬೇಡ. ಈ ವಾರವಂತೂ ಬೇಡವೇ ಬೇಡ.

ಕೆಲಸ ಬೇಡ ಅಂತ ಹೇಳುತ್ತಿಲ್ಲ. ಲೆಕ್ಕ ಗೊತ್ತಿರುವ ನಿಮಗೆ ಇದು ಚೆನ್ನಾಗಿಯೇ ಒಗ್ಗಬಹುದು. ಆದರೆ ಯಾವ ಕೆಲಸಕ್ಕಾಗಿ ಈ ದುಡ್ಡು ಅನ್ನೋದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಇನ್‌ಸ್ಟಿಟ್ಯೂಟ್‌ನವರೂ ಬಿಡಿಸಿ ಹೇಳಿರಲಿಕ್ಕಿಲ್ಲ, ಯಾಕಂದ್ರೆ ಬೆಂಗಳೂರಿನಲ್ಲಿ ಈ ಹೆಸರಿನಲ್ಲಿ ನಡೆಯೋದು ಒಂದಕ್ಕೊಂದು ಸಂಬಂಧ ಕಡಿಮೆ ಇರುವ ಎರಡು ಮೂರು ಕೆಲಸಗಳು.

ಜಾಸ್ತಿ ಜನ ಮಾಡೋದು ಅಮೆರಿಕದ ಕೆಲಸ. ಅಲ್ಲಿನ ಡಾಕ್ಟರ ಬಿಲ್ಲು ಅಲ್ಲಿನ ಇನ್ಶೂರೆನ್ಸ್ ಕಂಪನಿಗೆ ಹೋಗಿ ದುಡ್ಡಾಗಿ ವಾಪಸ್ ಬರುವವರೆಗೆ ಬೆನ್ನು ಹತ್ತುವವರು ಇಲ್ಲಿ ಕೂತಿರುತ್ತಾರೆ. ಒಂದು ಲೆಕ್ಕ ನೋಡಿ. ಡಾಕ್ಟರು 200 ಡಾಲರ್ ಬಿಲ್ ಹಾಕಿದರು. ಇನ್ಶೂರೆನ್ಸ್‌ನವರ ಜೊತೆ ಒಪ್ಪಂದದ ರೇಟು 120 ಅಂದುಕೊಳ್ಳಿ. ಮಿಕ್ಕ 80 ಹೋಯಿತು, ಅದನ್ನು ರೋಗಿಯ ಹತ್ತಿರ ಕೇಳುವ ಹಾಗಿಲ್ಲ, ಸಿಒ-45 ಅನ್ನುವ ಕೋಡ್ ಹಾಕಿ ವಜಾ ಮಾಡುತ್ತಾರೆ. ಆ 120ರಲ್ಲಿ ರೋಗಿಯ ಪಾಲು ನೂರಕ್ಕೆ ಇಪ್ಪತ್ತು ಅಂತಿದ್ದರೆ 24 ರೋಗಿಯದು, 96 ಕಂಪನಿಯದು. ಬಂದ ದುಡ್ಡನ್ನು ಹೀಗೆ ಸಾಲುಸಾಲಾಗಿ ಹೊಂದಿಸಿ ಹಾಕುವುದೇ ಪೇಮೆಂಟ್ ಪೋಸ್ಟಿಂಗ್. ಬ್ಯಾಂಕ್ ರಿಕನ್ಸಿಲಿಯೇಶನ್ ಮಾಡಿದವರಿಗೆ ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ.

ದುಡ್ಡು ಬಾರದೇ ಇದ್ದಾಗ ಶುರುವಾಗೋದು ಎಆರ್ ಕಾಲಿಂಗ್, ಅಂದರೆ ಬರಬೇಕಾದ ಬಾಕಿಗಾಗಿ ಫೋನ್ ಮಾಡುವುದು. ಕ್ಲೇಮು ಸಿಒ-22 ಅಂತ ವಾಪಸ್ ಬಂದರೆ 'ಇವರಿಗೆ ಇನ್ನೊಂದು ಇನ್ಶೂರೆನ್ಸ್ ಇರಬೇಕು, ಮೊದಲು ಅಲ್ಲಿ ಕೇಳಿ' ಎಂದರ್ಥ. ಸಿಒ-29 ಅಂದರೆ ಗಡುವು ಮೀರಿದೆ. ಮೆಡಿಕೇರ್ ಅನ್ನುವ ಅಲ್ಲಿನ ಸರ್ಕಾರದ ಇನ್ಶೂರೆನ್ಸ್‌ಗೆ ಚಿಕಿತ್ಸೆಯಾದ ದಿನದಿಂದ ಒಂದು ವರ್ಷದೊಳಗೆ ಕ್ಲೇಮು ಹೋಗಬೇಕು. ಇನ್ಶೂರೆನ್ಸ್ ಕಂಪನಿಗಳಿಗೆ ಫೋನ್ ಮಾಡಿ, ಲೈನಿನಲ್ಲಿ ಕಾದು, ಯಾಕೆ ಕೊಟ್ಟಿಲ್ಲ ಅಂತ ಕೇಳಿ, ಅವರು ಹೇಳಿದ್ದನ್ನು ನೋಟ್ಸ್‌ನಲ್ಲಿ ಬರೆಯಬೇಕು. ಇಂಗ್ಲಿಷ್ ಮಾತು ಸರಾಗ ಇರಬೇಕು. ಇದು ಅಲ್ಲಿನ ಆಫೀಸ್ ಟೈಮಿನಲ್ಲೇ ಆಗಬೇಕಲ್ವಾ? ನ್ಯೂಯಾರ್ಕ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಹಾಗಾಗಿ ನಿಮ್ಮ ಯಜಮಾನರ ಮಾತು ಅರ್ಧ ನಿಜ. ಇನ್ನರ್ಧ ಅವರಿಗೆ ಗೊತ್ತಿಲ್ಲ: ಚಾರ್ಜ್ ಎಂಟ್ರಿ (ಬಿಲ್ಲಿನ ವಿವರ ಕಂಪ್ಯೂಟರಿಗೆ ಹಾಕುವುದು), ಪೇಮೆಂಟ್ ಪೋಸ್ಟಿಂಗ್‌ಗೆ ಯಾರಿಗೂ ಫೋನ್ ಮಾಡಬೇಕಿಲ್ಲ, ಹಗಲು ಪಾಳಿಯೂ ಸಿಗುತ್ತದೆ.

ಕೋಡಿಂಗ್ ಬೇರೆಯೇ. ಡಾಕ್ಟರು ಬರೆದ ನೋಟ್ಸ್ ಓದಿ ಕಾಯಿಲೆಗೊಂದು, ಚಿಕಿತ್ಸೆಗೊಂದು ಕೋಡ್ ಕೊಡುವುದು. ಬಿಪಿಗೆ ಐ10, ಸಾಮಾನ್ಯ ಸಕ್ಕರೆ ಕಾಯಿಲೆಗೆ ಇ11.9, ಹೀಗೆ ಸಾವಿರಾರು ಇವೆ. ಇದಕ್ಕೆ ಹೊಸಬರನ್ನು ತಗೊಳ್ಳುವಾಗ ಲೈಫ್ ಸೈನ್ಸ್, ನರ್ಸಿಂಗ್, ಫಾರ್ಮಸಿ ಓದಿದವರನ್ನೇ ಸಾಮಾನ್ಯವಾಗಿ ಹುಡುಕುತ್ತಾರೆ. ಇದಕ್ಕಿರುವ ಸಿಪಿಸಿ ಪರೀಕ್ಷೆಯಲ್ಲಿ ನಾಲ್ಕು ಗಂಟೆಯಲ್ಲಿ 100 ಪ್ರಶ್ನೆ, ಪಾಸಾಗಲು ಶೇ 70 ಬೇಕು. ಪಾಸಾದರೂ ಅನುಭವ ಇಲ್ಲದಿದ್ದರೆ ಸರ್ಟಿಫಿಕೇಟಿನ ಪಕ್ಕ ಅಪ್ರೆಂಟಿಸ್ ಅನ್ನುವ ಬಾಲ ಇರುತ್ತದೆ. ಬಿ.ಕಾಂ. ಮಾಡಿದವರಿಗೆ ಬಿಲ್ಲಿಂಗ್, ಕೋಡಿಂಗ್ ಎರಡನ್ನೂ ಕಟ್ಟಿ ಒಂದೇ ಪ್ಯಾಕೇಜಿನಲ್ಲಿ ಮಾರುವುದು ನನಗಂತೂ ಸರಿ ಕಾಣುವುದಿಲ್ಲ.

ನಮ್ಮದೇ ಆಸ್ಪತ್ರೆಗಳ ಇನ್ಶೂರೆನ್ಸ್ ಡೆಸ್ಕ್ ಇದೆಯಲ್ಲ, ಅದನ್ನು ನೀವು ಯೋಚಿಸಿಯೇ ಇಲ್ಲ ಅನಿಸುತ್ತದೆ. ಕೆಲಸ ಕನ್ನಡದಲ್ಲೂ ನಡೆಯುತ್ತದೆ. ಉದಾಹರಣೆಗೆ, ಪಾಲಿಸಿಯಲ್ಲಿ ರೂಮ್ ಬಾಡಿಗೆ ದಿನಕ್ಕೆ 5,000 ಮಾತ್ರ ಅಂತಿದೆ, ಮನೆಯವರು 8,000ದ ರೂಮ್ ತಗೊಂಡಿದ್ದಾರೆ. ಮೂರು ಸಾವಿರ ತಾನೇ, ಕೈಯಿಂದ ಕೊಟ್ಟರಾಯಿತು ಅಂದುಕೊಂಡಿರುತ್ತಾರೆ. ಆದರೆ ಎಷ್ಟೋ ಪಾಲಿಸಿಗಳಲ್ಲಿ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಚಾರ್ಜು ಎಲ್ಲವೂ ಅದೇ ಎಂಟಕ್ಕೆ ಐದರ ಲೆಕ್ಕದಲ್ಲಿ ಕಟ್ ಆಗುತ್ತವೆ. ಸರ್ಜನ್ ಫೀಸು 40,000 ಇದ್ದರೆ 25,000 ಮಾತ್ರ ಪಾಸ್. ಔಷಧಿ, ಇಂಪ್ಲಾಂಟ್, ಟೆಸ್ಟುಗಳಿಗೆ ಹೀಗೆ ಕಟ್ ಮಾಡುವಂತಿಲ್ಲ. ಇದನ್ನು ಅಡ್ಮಿಷನ್ ಹೊತ್ತಿಗೇ ಮನೆಯವರಿಗೆ ಅರ್ಥವಾಗುವಂತೆ ಹೇಳಬಲ್ಲವರು ಆ ಡೆಸ್ಕಿನಲ್ಲಿ ಇದ್ದರೆ ಡಿಸ್ಚಾರ್ಜ್ ದಿನದ ಅರ್ಧ ಜಗಳ ಇರುವುದೇ ಇಲ್ಲ.

2024ರಲ್ಲಿ ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ ಹೊರಡಿಸಿದ ನಿಯಮದ ಪ್ರಕಾರ ಕ್ಯಾಶ್‌ಲೆಸ್ ಕೇಳಿದ ಒಂದು ಗಂಟೆಯಲ್ಲಿ ಕಂಪನಿ ತೀರ್ಮಾನ ಹೇಳಬೇಕು, ಡಿಸ್ಚಾರ್ಜ್ ವೇಳೆ ಆಸ್ಪತ್ರೆಯ ಕೋರಿಕೆ ಹೋದ ಮೂರು ಗಂಟೆಯಲ್ಲಿ ಅಂತಿಮ ಒಪ್ಪಿಗೆ ಕೊಡಬೇಕು. ಕೋರಿಕೆ ಕಳಿಸುವುದು, ಟಿಪಿಎ (ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೇಮು ನೋಡುವ ಸಂಸ್ಥೆ) ಕ್ವೆರಿ ಹಾಕಿದರೆ ರೌಂಡ್ಸಿನಲ್ಲಿರುವ ಡಾಕ್ಟರನ್ನು ಹಿಡಿದು ಉತ್ತರ ಬರೆಸುವುದು, ಬ್ಯಾಗ್ ಪ್ಯಾಕ್ ಮಾಡಿಕೊಂಡು ಕೌಂಟರಿಗೆ ಒರಗಿ ನಿಂತವರನ್ನು ಸಮಾಧಾನ ಮಾಡುವುದು, ಎಲ್ಲ ಇವರದ್ದೇ. ಬೈಗುಳ ತಪ್ಪಿದ್ದಲ್ಲ. ಪಾಳಿ ಇಲ್ಲೂ ಇರುತ್ತದೆ, ಆದರೆ ಕೆಲಸದ ಭಾರ ಹಗಲಿನಲ್ಲೇ.

ಹಾಗಾದರೆ ಕಲಿಯೋದು ಹೇಗೆ? ಅಮೆರಿಕದ ಕೆಲಸದ ಪಾಠಕ್ಕೆ ಮೊದಲ ತಿಂಗಳು ಒಂದು ರೂಪಾಯಿಯೂ ಬೇಕಿಲ್ಲ. ಅವರ ಕಾಯಿಲೆ ಕೋಡುಗಳ ಪಟ್ಟಿ ಇಂಟರ್ನೆಟ್ಟಿನಲ್ಲಿ ಉಚಿತ, ಮೆಡಿಕೇರ್ ಇಲಾಖೆಯ ತರಬೇತಿ ಪಾಠಗಳೂ ಉಚಿತ. ಚಿಕಿತ್ಸೆಯ ಕೋಡುಗಳ ಪುಸ್ತಕಕ್ಕೆ ಮಾತ್ರ ದುಡ್ಡು ಕೊಡಬೇಕು, ಅದು ಆಮೇಲೆ ನೋಡೋಣ. ನಮ್ಮ ಕಡೆಯದಕ್ಕೆ ನಿಮ್ಮ ಮನೆಯ ಹೆಲ್ತ್ ಪಾಲಿಸಿಯನ್ನೇ ತೆಗೆದು ಸಣ್ಣ ಅಕ್ಷರದ್ದೆಲ್ಲ ಓದಿ, ಪರಿಚಯದವರ ಹಳೆ ಡಿಸ್ಚಾರ್ಜ್ ಬಿಲ್ಲು ಸಿಕ್ಕರೆ ಎಲ್ಲೆಲ್ಲಿ ಯಾಕೆ ಕಟ್ ಆಗಿದೆ ಅಂತ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ. ಇದು ಬೋರ್ ಅನಿಸಿದರೆ ಕೆಲಸವೂ ಬೋರ್ ಆಗುತ್ತದೆ. ಬೋರ್ ಆಗದಿದ್ದರೆ ಕೋರ್ಸ್ ಇಲ್ಲದೆಯೇ ಅರ್ಜಿ ಹಾಕಲು ಶುರು ಮಾಡಿ. ಬಿಲ್ಲಿಂಗಿಗೆ ಫ್ರೆಷರ್‌ಗಳನ್ನು ತಗೊಂಡು ತಾವೇ ತರಬೇತಿ ಕೊಡುವ ಕಂಪನಿಗಳು ಇವೆ.

ಅಷ್ಟಾದ ಮೇಲೂ ಕೋರ್ಸ್ ಬೇಕು ಅನಿಸಿದರೆ ಗ್ಯಾರಂಟಿ ಅನ್ನುವ ಮಾತನ್ನು ಕಾಗದದ ಮೇಲೆ ಕೇಳಿ. ಕೆಲಸ ಸಿಗದಿದ್ದರೆ ಎಷ್ಟು ವಾಪಸ್, ಎಷ್ಟು ದಿನದಲ್ಲಿ? ಹೋದ ಬ್ಯಾಚಿನಲ್ಲಿ ಮದುವೆಯಾಗಿ ಗ್ಯಾಪ್ ಇದ್ದ ಒಬ್ಬರ ಜೊತೆಯಾದರೂ ಮಾತಾಡಿಸುತ್ತೀರಾ ಅಂತ ಕೇಳಿ. 'ಈ ವಾರವೇ' ಅನ್ನುವವರು ಮುಂದಿನ ವಾರವೂ ಅದೇ ರೇಟು ಹೇಳುತ್ತಾರೆ, ಸುಮ್ನೆ ಇದ್ದು ನೋಡಿ.

ಇನ್ನು ಬಳೆ. ನಿಮ್ಮದು, ಏನು ಬೇಕಾದರೂ ಮಾಡುವ ಹಕ್ಕು ನಿಮಗಿದೆ. ನನ್ನ ತಕರಾರು ಕದ್ದು ಮಾಡುವುದರ ಬಗ್ಗೆ. ಬಡ್ಡಿ ತಿಂಗಳು ತಿಂಗಳು ಬೆಳೆಯುತ್ತದೆ, ಮಗಳನ್ನು ಶಾಲೆಯಿಂದ ಕರೆತರುವವರು ಯಾರು ಅನ್ನುವ ಮಾತು ಮೊದಲ ದಿನವೇ ಏಳುತ್ತದೆ, ಆಗ ಕೆಲಸದ ಜೊತೆ ಸುಳ್ಳನ್ನೂ ಸಮರ್ಥಿಸಿಕೊಳ್ಳಬೇಕು. ಯಜಮಾನರು ಬೇಡ ಅಂದಿದ್ದು ರಾತ್ರಿ ಪಾಳಿಗೆ. ಹಗಲು ಪಾಳಿಯ ಪೋಸ್ಟಿಂಗ್ ಕೆಲಸ, ಆಸ್ಪತ್ರೆ ಡೆಸ್ಕು ಎಂದು ಹೆಸರಿಟ್ಟು ಹೇಳಿ, ಇಷ್ಟು ಸಂಬಳದ ನಿರೀಕ್ಷೆ ಎಂದು ಹೇಳಿ. ಆಗಲೂ ಬೇಡ ಅಂದರೆ ವಿಷಯ ರಾತ್ರಿಯದ್ದಲ್ಲ ಅಂತ ಗೊತ್ತಾಗುತ್ತದೆ, ಆಗ ಇನ್ನೊಮ್ಮೆ ಬರೆಯಿರಿ.

ಆಡಿಟರ್ ಆಫೀಸಿನ ಅನುಭವವನ್ನು ಬಯೋಡೇಟಾದಲ್ಲಿ ಮೇಲೆಯೇ ಹಾಕಿ. ಆಫರ್ ಬಂದರೆ ಪಾಳಿ ಯಾವುದು ಅನ್ನೋದನ್ನು ಬಾಯಿಮಾತಿಗೆ ಬಿಡದೆ ಲೆಟರಿನಲ್ಲಿ ಬರೆಸಿಕೊಳ್ಳಿ.