ದಪ್ಪ ಸ್ಲ್ಯಾಬ್ ಸೆರಿಫ್ ಪಕ್ಕದಲ್ಲಿ ಯಾವ ಕನ್ನಡ ಫಾಂಟ್ ಒಪ್ಪುತ್ತದೆ?

ಡೊಂಬಿವಲಿಯ ನಿಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದ ಬ್ಯಾನರಿನಲ್ಲಿ ಇಂಗ್ಲಿಷ್ ಹೆಸರನ್ನು ದಪ್ಪ ಸ್ಲ್ಯಾಬ್ ಸೆರಿಫ್ ಫಾಂಟ್ ಆದ ರಾಕ್‌ವೆಲ್ ಬೋಲ್ಡ್‌ನಲ್ಲಿ ಹಾಕಬಹುದೇ, ಅದರ ಜೊತೆಗೆ ಯಾವ ಕನ್ನಡ ಫಾಂಟ್ ಒಪ್ಪುತ್ತದೆ ಎಂದು ಕೇಳಿದ್ದೀರಿ. ದಾದರಿನಲ್ಲಿ ಇದೇ ಕೆಲಸ ಮಾಡುತ್ತಿರುವ ನನ್ನ ಉತ್ತರವೆಂದರೆ, ಖಂಡಿತ ಹಾಕಬಹುದು. ಆದರೆ ಎರಡು ಮೂರು ಪದಗಳಿಗೆ ಮಾತ್ರ.

ಅಕ್ಷರದ ಕಾಲಿಗೆ ಹಲಗೆಯಂಥ ದಪ್ಪ ಅಡ್ಡಪಟ್ಟಿಯಿರುವ ಈ ಸ್ಲ್ಯಾಬ್ ಸೆರಿಫ್ ಬಗೆ ಹುಟ್ಟಿದ್ದೇ ದೂರದಿಂದ ಓದಿಸುವುದಕ್ಕಾಗಿ. ಲಂಡನ್ನಿನ ವಿನ್ಸೆಂಟ್ ಫಿಗ್ಗಿನ್ಸ್ 1810ರ ದಶಕದಲ್ಲಿ ಇಂಥ ಅಚ್ಚಿನ ಮೊಳೆಗಳನ್ನು ಹೊರತಂದಾಗ ಭಿತ್ತಿಪತ್ರಗಳ ಕಾಲ ಶುರುವಾಗಿತ್ತು. 1845ರ ಸ್ಲ್ಯಾಬ್ ಫಾಂಟ್ ಆದ ಕ್ಲಾರೆಂಡನ್‌ನಲ್ಲಿ ಪಟ್ಟಿಯು ಕಾಲಿಗೆ ಬಾಗಿ ಕೂಡಿಕೊಳ್ಳುತ್ತದೆ ಮತ್ತು ಗೆರೆಗಳಲ್ಲಿ ದಪ್ಪ-ತೆಳುವಿನ ವ್ಯತ್ಯಾಸವಿದೆ. ಮೊನೊಟೈಪ್ ಕಂಪನಿ 1934ರಲ್ಲಿ ತಂದ ರಾಕ್‌ವೆಲ್‌ನಲ್ಲಾದರೋ ಗೆರೆಗಳು ಹೆಚ್ಚುಕಡಿಮೆ ಒಂದೇ ದಪ್ಪ, ಮೂಲೆಗಳು ನೇರ. ಇಂಗ್ಲಿಷಿನ ದೊಡ್ಡ 'A' ಅಕ್ಷರದ ನೆತ್ತಿಯ ಮೇಲೂ ಒಂದು ಪಟ್ಟಿ ಕೂತಿರುತ್ತದೆ.

ಕನ್ನಡದ ಜೋಡಿಯನ್ನು ಹುಡುಕುವಾಗ ಈ ವ್ಯತ್ಯಾಸವೇ ದಾರಿ ತೋರಿಸುತ್ತದೆ. ರಾಕ್‌ವೆಲ್ ಜೊತೆಗೆ ಗೆರೆ ಸಮವಾಗಿರುವ ನೋಟೊ ಸಾನ್ಸ್ ಕನ್ನಡದ ದಪ್ಪ ತೂಕಗಳು (ಗೆರೆಯ ದಪ್ಪಕ್ಕೆ ನಾವು ತೂಕ ಎನ್ನುತ್ತೇವೆ) ಹೊಂದುತ್ತವೆ; ಕ್ಲಾರೆಂಡನ್ ಆಗಿದ್ದರೆ ನಾನು ನೋಟೊ ಸೆರಿಫ್ ಕನ್ನಡವನ್ನು ಆರಿಸುತ್ತಿದ್ದೆ. ನಮ್ಮ ಮುಂಬೈಯದೇ ಆದ ಫಾಂಟ್ ಸಂಸ್ಥೆ ಏಕ್ ಟೈಪ್‌ನವರ 'ಬಾಲೂ ತಮ್ಮ' ನನಗೆ ಬಹಳ ಪ್ರಿಯವಾದ ಫಾಂಟ್, ತೂಕದಲ್ಲಿಯೂ ಸರಿದೂಗುತ್ತದೆ, ಆದರೆ ಅದರ ದುಂಡನೆಯ ತುದಿಗಳು ರಾಕ್‌ವೆಲ್‌ನ ನೇರ ಮೂಲೆಗಳ ಪಕ್ಕದಲ್ಲಿ ಬೇರೆಯೇ ದನಿಯಲ್ಲಿ ಮಾತನಾಡುತ್ತವೆ. ತಲೆಕಟ್ಟಿನ ತುದಿಗೆ ಚೌಕ ಪಟ್ಟಿ ಅಂಟಿಸಿ ಕನ್ನಡವನ್ನೂ ಸ್ಲ್ಯಾಬ್ ಮಾಡುವ ಪ್ರಯತ್ನವನ್ನು ದಯವಿಟ್ಟು ಮಾಡಬೇಡಿ, ಏಕೆಂದರೆ ನಮ್ಮ ಅಕ್ಷರದ ಚೆಲುವಿರುವುದು ಅದರ ಬಳುಕಿನಲ್ಲಿ.

ಇದಕ್ಕಿಂತ ಹೆಚ್ಚಿನ ಎಚ್ಚರ ಬೇಕಾಗಿರುವುದು ಒತ್ತಕ್ಷರಗಳ ವಿಷಯದಲ್ಲಿ. ಒಮ್ಮೆ ನಾನು 'ಮಹಾರಾಷ್ಟ್ರ ಕನ್ನಡಿಗರ ಸಮಾವೇಶ' ಎಂಬುದನ್ನು ಎರಡು ಸಾಲಾಗಿ ಮುರಿದು, ಇಂಗ್ಲಿಷ್ ಸಾಲುಗಳಿಗಿದ್ದ ಅಂತರವನ್ನೇ ಕೊಟ್ಟಿದ್ದೆ. ದಪ್ಪ ತೂಕವಿಲ್ಲದ ಫಾಂಟಿಗೆ ಸಾಫ್ಟ್‌ವೇರಿನ ಬೋಲ್ಡ್ ಗುಂಡಿಯನ್ನೂ ಒತ್ತಿದ್ದೆ. ಫ್ಲೆಕ್ಸ್ ಬಂದಾಗ 'ಷ್ಟ್ರ'ದ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿದ್ದವು, 'ಷ'ದ ಹೊಟ್ಟೆಯೊಳಗಿನ ಬಿಳುಪು ಮುಚ್ಚಿಹೋಗಿತ್ತು. ಇಡೀ ಬ್ಯಾನರನ್ನು ನನ್ನ ಖರ್ಚಿನಲ್ಲಿ ಮತ್ತೆ ಮುದ್ರಿಸಿಕೊಟ್ಟೆ. ಆದ್ದರಿಂದ ಫಾಂಟಿನಲ್ಲೇ ಇರುವ ದಪ್ಪ ತೂಕವನ್ನು ಬಳಸಿ, ಸಾಲುಗಳ ನಡುವೆ ಒತ್ತು ಇಳಿಯುವಷ್ಟು ಜಾಗ ಬಿಡಿ.

ದಿನಾಂಕ, ಸ್ಥಳ, ಅತಿಥಿಗಳ ಹೆಸರುಗಳನ್ನು ಸಾಧಾರಣ ತೂಕದಲ್ಲಿಡಿ. ಮುದ್ರಣಕ್ಕೆ ಕೊಡುವ ಮೊದಲು ಕನ್ನಡ ಹೆಸರಿನ ಒಂದು ಪದವನ್ನು ನಿಜವಾದ ಅಳತೆಯಲ್ಲಿ ಎ4 ಹಾಳೆಗಳ ಮೇಲೆ ತೆಗೆದು, ಸಭಾಗೃಹದ ಗೇಟಿಗೆ ಅಂಟಿಸಿ, ರಸ್ತೆಯ ಆಚೆ ಬದಿಯಿಂದ ಒಮ್ಮೆ ಓದಿ ನೋಡಿ.