ಮುಧೋಳ ಹೆಣ್ಣುನಾಯಿ ಮನೆಗೆ ಬರುವ ಮುಂಚೆ: ಬೆಲ್ಟು, ಗೇಟು, ರಕ್ತಪರೀಕ್ಷೆ

ನಮಸ್ಕಾರ ಅಕ್ಕ. ನೀವು ಬರೆದಿದ್ದು ಇಷ್ಟು: ಶೆಲ್ಟರಿನಲ್ಲಿ ಒಂದು ಮುಧೋಳ ಹೆಣ್ಣುನಾಯಿ ನೋಡಿ ಮನಸೋತಿದ್ದೀರಿ, ವಯಸ್ಸು ಸುಮಾರು ಎರಡು, ತೂಕ 17 ಕೆ.ಜಿ., ರಸ್ತೆ ಬದಿಯಲ್ಲಿ ಸಿಕ್ಕಿದ್ದು, ಥೈರಾಯ್ಡ್ ಕಡಿಮೆ ಇರಬಹುದು ಅಂದಿದ್ದಾರೆ, ಮುಂದಿನ ವಾರ ಸಂತಾನಹರಣ ಆಪರೇಷನ್ ಮಾಡಿಸಿ ಕೊಡುತ್ತಾರೆ. ಮನೆಯಲ್ಲಿ ಬೆಕ್ಕಿದೆ, ಕಾಂಪೌಂಡ್ ನಾಲ್ಕು ಅಡಿ. ತರಬಹುದಾ ಅಂತ ಕೇಳಿದ್ದೀರಿ. ಖಂಡಿತ ತರಬಹುದು. ಆದರೆ ನಾಯಿ ಬರುವ ಮೊದಲೇ ಕೆಲವು ಕೆಲಸ ಮುಗಿದಿರಬೇಕು. ಇಂಥ ನಾಯಿಗಳು ಹೊಸ ಮನೆಯಿಂದ ಕಳೆದುಹೋಗುವುದು ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲೇ.

ಮುಧೋಳ ವಾಸನೆ ಹಿಡಿದು ಹೋಗುವ ನಾಯಿಯಲ್ಲ, ಕಣ್ಣಿಗೆ ಬಿದ್ದದ್ದನ್ನು ಓಡಿ ಹಿಡಿಯುವ ಬೇಟೆನಾಯಿ. ಅಳಿಲೋ ಬೆಕ್ಕೋ ಓಡಿದರೆ ಕಾಲು ಮೊದಲು ಹೊರಡುತ್ತದೆ, ನಿಮ್ಮ ಕೂಗು ಆಮೇಲೆ ಕಿವಿಗೆ ಬೀಳುತ್ತದೆ. ಇದು ಹಟವೂ ಅಲ್ಲ, ಟ್ರೇನಿಂಗ್ ಕೊರತೆಯೂ ಅಲ್ಲ, ತಲೆಮಾರುಗಳಿಂದ ಈ ಗುಣವನ್ನೇ ಆರಿಸಿ ಸಾಕಿದ್ದಾರೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಆಮೇಲೆ ಸೇನೆಯೂ ತೆಗೆದುಕೊಂಡಿತು, ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಹೆಸರು ಕೇಳಿ ಮರಿ ಕೊಂಡವರಲ್ಲಿ ಎಷ್ಟೋ ಜನ, ಮರಿ ಒಂದು ವರ್ಷದ ಓಟಗಾರ ಆದಾಗ ಸಂಭಾಳಿಸಲಾಗದೆ ಬಿಟ್ಟುಬಿಡುತ್ತಾರೆ. ಆ ನಾಯಿಗಳ ತಪ್ಪು ಏನೂ ಇಲ್ಲ.

ಮೊದಲು ಬೆಲ್ಟು. ಮುಧೋಳದ ಕುತ್ತಿಗೆ ತಲೆಯಷ್ಟೇ ದಪ್ಪ, ಕೆಲವಕ್ಕೆ ತಲೆಗಿಂತ ದಪ್ಪ. ಅಂಗಡಿಯಲ್ಲಿ ಸಿಗುವ ಬಕಲ್ ಬೆಲ್ಟು ಹಾಕಿದರೆ, ಹೆದರಿ ಹಿಂದಕ್ಕೆ ಎಳೆದ ಕೂಡಲೇ ಕಿವಿ ದಾಟಿ ಜಾರಿಹೋಗುತ್ತದೆ. ನಿಮಗೆ ಬೇಕಾದದ್ದು ಮಾರ್ಟಿಂಗೇಲ್ ಕಾಲರ್, ಅಗಲ ಒಂದೂವರೆ ಇಂಚು. ಅದರಲ್ಲಿ ದೊಡ್ಡ ಬಳೆಯ ಜೊತೆ ಒಂದು ಸಣ್ಣ ಬಳೆ ಇರುತ್ತದೆ, ಎಳೆದಾಗ ಮಾತ್ರ ಬಿಗಿಯಾಗುತ್ತದೆ, ಉಸಿರು ಕಟ್ಟುವಷ್ಟು ಅಲ್ಲ. ಕುತ್ತಿಗೆಯ ಮೇಲ್ಭಾಗದಲ್ಲಿ, ಕಿವಿಯ ಹಿಂದೆಯೇ ಕೂರಿಸಿ. ಪೂರ್ತಿ ಎಳೆದಾಗ ದೊಡ್ಡ ಬಳೆಯ ತುದಿಗಳಲ್ಲಿರುವ ಎರಡು ಉಂಗುರ ಒಂದಕ್ಕೊಂದು ತಾಗಬಾರದು, ನಡುವೆ ಎರಡು ಬೆರಳು ಜಾಗ ಉಳಿಯಬೇಕು. ತಾಗಿತು ಅಂದರೆ ಬೆಲ್ಟು ಸಡಿಲ. ಮನೆಯ ಬಾಗಿಲು ಹಾಕಿಕೊಂಡು ನಾಯಿಯ ಮುಂದೆ ನಿಂತು ಲೀಶನ್ನು ಮೂತಿಯ ಕಡೆಗೆ ಮೆಲ್ಲಗೆ ಎಳೆದು ನೋಡಿ, ಕಿವಿಯ ಬುಡದಲ್ಲಿ ನಿಲ್ಲಬೇಕು. ಮನೆಯೊಳಗೆ ಇದನ್ನು ಬಿಚ್ಚಿಡಿ, ಬಳೆ ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆಗೆ ಉರುಳಾಗುತ್ತದೆ. ಫೋನ್ ನಂಬರ್ ಕೆತ್ತಿದ ಬಿಲ್ಲೆಗೆ ಬೇರೆ ಹಗುರ ಬೆಲ್ಟು ಇರಲಿ, ಅದು ರಾತ್ರಿಹಗಲು ಕುತ್ತಿಗೆಯಲ್ಲೇ ಇರಬೇಕು.

ಜೊತೆಗೆ ಮೂರು ಪಟ್ಟಿಯ ಹಾರ್ನೆಸ್, ಅಂದರೆ ಕುತ್ತಿಗೆಗಲ್ಲ, ಮೈಗೆ ತೊಡಿಸುವ ಪಟ್ಟಿ. ಎರಡು ಪಟ್ಟಿಯದ್ದರಿಂದ ಈ ನಾಯಿಗಳು ಹಿಂದಕ್ಕೆ ಸರಿದು ಸಲೀಸಾಗಿ ಹೊರಬರುತ್ತವೆ, ಎದೆ ಆಳ, ಸೊಂಟ ಸಣ್ಣ. ಮೂರನೆಯ ಪಟ್ಟಿ ಪಕ್ಕೆಲುಬು ಮುಗಿದು ಹೊಟ್ಟೆ ಒಳಸರಿಯುವ ಜಾಗದಲ್ಲಿ ಕೂರುವುದರಿಂದ ಎದೆಗೂಡು ಅದನ್ನು ದಾಟಲಾರದು. ಮೊದಲ ಮೂರು ತಿಂಗಳು ಎರಡು ಲೀಶ್: ಒಂದು ಕಾಲರಿಗೆ, ಒಂದು ಹಾರ್ನೆಸ್ಸಿಗೆ. ಗುಂಡಿ ಒತ್ತಿದರೆ ಉದ್ದವಾಗುವ ಲೀಶ್ ಬೇಡವೇ ಬೇಡ. ಹತ್ತು ಹೆಜ್ಜೆಯಲ್ಲೇ ಪೂರ್ತಿ ವೇಗ ಹಿಡಿಯುವ ನಾಯಿ ದಾರದ ತುದಿಗೆ ಬಂದು ಜಗ್ಗಿದರೆ ಅದರ ಕುತ್ತಿಗೆಗೂ ಪೆಟ್ಟು, ನಿಮ್ಮ ಭುಜಕ್ಕೂ ಪೆಟ್ಟು.

ನಾಲ್ಕು ಅಡಿ ಕಾಂಪೌಂಡ್ ಸಾಲದು. ಗೋಡೆಯ ಮೇಲೆ ಕಬ್ಬಿಣದ ಕಂಬ ನೆಟ್ಟು ಚೈನ್‌ಲಿಂಕ್ ಜಾಲರಿ ಹಾಕಿಸಿ ಆರು ಅಡಿಗೆ ಏರಿಸಿ. ಮುಳ್ಳುತಂತಿ ಯಾವ ಕಾರಣಕ್ಕೂ ಬೇಡ. ಇವುಗಳ ಚರ್ಮ ತೆಳು, ಕೆಳಗೆ ಕೊಬ್ಬಿಲ್ಲ, ಬೇರೆ ನಾಯಿಗೆ ಗೀರು ಬೀಳುವ ಕಡೆ ಇದಕ್ಕೆ ಚರ್ಮ ಅಂಗೈ ಅಗಲ ಹರಿದು ಬಿಚ್ಚಿಕೊಳ್ಳುತ್ತದೆ. ಹಾಗೇನಾದರೂ ಆದರೆ ಸಲೈನಿನಲ್ಲಿ ತೊಳೆದು, ಒದ್ದೆ ಗಾಜ್ ಬಟ್ಟೆ ಮುಚ್ಚಿ, ಅರಿಶಿನ ಗಿರಿಶಿನ ಮೆತ್ತದೆ ಅದೇ ದಿನ ಹೊಲಿಗೆ ಹಾಕಿಸಿ. ಗೇಟಿನ ಸರಳುಗಳ ನಡುವೆ ಆ ಉದ್ದ ಮೂತಿಯ ತಲೆ ತೂರುವಂತಿದ್ದರೆ ಕೆಳಗಿನ ಮೂರಡಿಗೆ ಜಾಲರಿ ಬಿಗಿಯಿರಿ. ಎಲ್ಲಕ್ಕಿಂತ ಮುಖ್ಯ, ಒಂದು ಬಾಗಿಲು ತೆರೆದಾಗ ಇನ್ನೊಂದು ಮುಚ್ಚಿರಬೇಕು. ಹಾಲಿನವರು, ಕೊರಿಯರ್‌ನವರು, ಸಿಲಿಂಡರಿನವರು ಬಂದಾಗಲೇ ನಾಯಿ ತಪ್ಪಿಸಿಕೊಳ್ಳುವುದು. ವರಾಂಡದಲ್ಲಿ ನಾಲ್ಕಡಿಯ ಮಡಚುವ ಗೇಟು ಇಟ್ಟರೂ ಒಂದು ಕ್ಷಣ ಸಿಗುತ್ತದೆ, ಆ ಕ್ಷಣವೇ ಬೇಕಾದದ್ದು. ಶೆಲ್ಟರಿನಿಂದ ಹೊರಡುವ ಮುಂಚೆ ಚರ್ಮದ ಕೆಳಗೆ ಕೂರುವ ಗುರುತಿನ ಮೈಕ್ರೋಚಿಪ್ ಹಾಕಿಸಿ, ಅದರ 15 ಅಂಕಿಯ ನಂಬರನ್ನು ನಿಮ್ಮ ಹೆಸರಲ್ಲಿ ನೋಂದಾಯಿಸಿ.

ಅಕಸ್ಮಾತ್ ತಪ್ಪಿಸಿಕೊಂಡರೆ ಬೆನ್ನಟ್ಟಬೇಡಿ, ಓಣಿಯ ಹುಡುಗರನ್ನೂ ಓಡಿಸಬೇಡಿ. ಕಣ್ಣಿಗೆ ಕಂಡರೆ ಅಲ್ಲೇ ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕೂತು, ಬಾಯಿರುಚಿಯ ತಿಂಡಿ ನೆಲಕ್ಕೆ ಚೆಲ್ಲಿ, ನೋಡದವರ ಹಾಗೆ ಇರಿ. ಕಾಣದಿದ್ದರೆ ಕೊನೆಗೆ ನೋಡಿದ ಜಾಗದಲ್ಲಿ ಅದು ಮಲಗುತ್ತಿದ್ದ ಬಟ್ಟೆ ಮತ್ತು ನೀರು ಇಟ್ಟು, ನಸುಕಿನಲ್ಲಿ ಗದ್ದಲವಿಲ್ಲದಾಗ ಹೋಗಿ ನೋಡಿ.

ಈಗ ಆಸ್ಪತ್ರೆಯ ವಿಷಯ. ಈ ಭಾಗವನ್ನು ನಿಮ್ಮ ಡಾಕ್ಟರಿಗೆ ತೋರಿಸಿ. ಕಣ್ಣಿನ ಬೇಟೆನಾಯಿಗಳ ರಕ್ತದ ಅಂಕಿ ಬೇರೆ ನಾಯಿಗಳ ಹಾಗಿರುವುದಿಲ್ಲ. ಹೆಚ್ಚು ಅಧ್ಯಯನ ಆಗಿರುವುದು ಗ್ರೇಹೌಂಡ್ ಎಂಬ ವಿದೇಶಿ ಓಟದ ತಳಿಯಲ್ಲಿ: ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) ಹೆಚ್ಚು, 50 ದಾಟಿರುವುದು ಸಾಮಾನ್ಯ, ಪ್ಲೇಟ್‌ಲೆಟ್ ಕಡಿಮೆ, ಥೈರಾಯ್ಡ್ ಹಾರ್ಮೋನು ಟಿ4 ಕೂಡ ಕಡಿಮೆ. ಮುಧೋಳ ಅದೇ ಮೈಕಟ್ಟಿನ ನಾಯಿ, ಆದ್ದರಿಂದ ಲ್ಯಾಬ್ ಚೀಟಿಯ ಪಕ್ಕದಲ್ಲಿ ಅಚ್ಚಾದ ಮಿತಿಯನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಟಿ4 ಒಂದನ್ನೇ ನೋಡಿ ಥೈರಾಯ್ಡಿನ ಔಷಧಿ ಥೈರಾಕ್ಸಿನ್ ಶುರುಮಾಡಬೇಡಿ. ಹಸಿವಿನಿಂದ ಬಡಕಲಾದ ಯಾವ ನಾಯಿಯಲ್ಲೂ ಅದು ಕುಸಿಯುತ್ತದೆ. ತೂಕ ಬಂದ ಮೇಲೆ ಥೈರಾಯ್ಡಿನ ಇನ್ನೆರಡು ಪರೀಕ್ಷೆ, ಫ್ರೀ ಟಿ4 ಮತ್ತು ಟಿಎಸ್‌ಎಚ್ ಒಟ್ಟಿಗೆ ಮಾಡಿಸಿ. ಹಾಗೆಯೇ ಪಿಸಿವಿ 36 ಬಂದರೆ ಚೀಟಿ ನೋಡಿದವರು ಸ್ವಲ್ಪ ಕಡಿಮೆ ಅನ್ನಬಹುದು, ಇಂಥ ನಾಯಿಗೆ ಅದು ಸ್ಪಷ್ಟ ರಕ್ತಹೀನತೆ. ಪ್ಲೇಟ್‌ಲೆಟ್ ಕಡಿಮೆ ಬಂದರೆ ತಳಿಯ ಗುಣ ಅಂತ ಬಿಡಲೂ ಆಗದು, ನಮ್ಮ ಕಡೆ ಉಣ್ಣೆ ಕಚ್ಚಿ ಬರುವ ಎರ್ಲಿಕಿಯಾ, ಬಬೇಸಿಯಾ ಎಂಬ ರಕ್ತದ ಸೋಂಕುಗಳು ಇದ್ದೇ ಇವೆ. ರಕ್ತದ ಸ್ಮಿಯರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಅನುಮಾನ ಇದ್ದರೆ ಪಿಸಿಆರ್ ಪರೀಕ್ಷೆ ಮಾಡಿಸಿ.

ಆಪರೇಷನ್ ಮುಂದಿನ ವಾರವೇ ಬೇಕಾ ಅಂತ ಕೇಳಿ. ಗರ್ಭಕೋಶದ ಸೋಂಕಿನಂಥ ತುರ್ತು ಇಲ್ಲದಿದ್ದರೆ 17 ಕೆ.ಜಿ.ಯ ಬಡಕಲು ನಾಯಿಗೆ ನಾಲ್ಕೈದು ವಾರ ಊಟ ಹಾಕಿ, ರಕ್ತ ಸರಿಹೋದ ಮೇಲೆ ಮಾಡಿಸುವುದೇ ಕ್ಷೇಮ. ಆಮೇಲೆ ಮಾಡಿಸುತ್ತೇವೆ ಅಂತ ಶೆಲ್ಟರಿನವರಿಗೆ ಒಪ್ಪಂದ ಬರೆದುಕೊಡಿ, ಅಲ್ಲಿಯವರೆಗೆ ಬೆದೆಗೆ ಬಂದರೆ ಹೊರಗೆ ಬಿಡದೆ ನೋಡಿಕೊಳ್ಳಬೇಕು. ಅರಿವಳಿಕೆಗೆ ಥಯೋಪೆಂಟೋನ್ ಬೇಡ ಅಂತ ಮೊದಲೇ ಹೇಳಿ. ಆ ಔಷಧಿ ರಕ್ತದಿಂದ ಕೊಬ್ಬಿಗೂ ಸ್ನಾಯುವಿಗೂ ಇಳಿದಾಗ ನಾಯಿ ಎಚ್ಚರವಾಗಬೇಕು. ಇವುಗಳಲ್ಲಿ ಕೊಬ್ಬು ಕಡಿಮೆ, ಲಿವರ್ ಅದನ್ನು ಕರಗಿಸುವುದೂ ನಿಧಾನ, ಹಾಗಾಗಿ ಗಂಟೆಗಟ್ಟಲೆ ಏಳುವುದಿಲ್ಲ. ಪ್ರೊಪೊಫಾಲ್ ಚುಚ್ಚುಮದ್ದು ಕೊಟ್ಟು, ಉಸಿರಿನಲ್ಲಿ ಕೊಡುವ ಐಸೊಫ್ಲುರೇನಿನಲ್ಲಿ ಇಡುವ ಸೌಲಭ್ಯ ಇರುವ ಕಡೆ ಮಾಡಿಸಿ. ತೂಕವನ್ನು ಆ ದಿನವೇ ತೂಗಬೇಕು, ಅಂದಾಜು ನಡೆಯದು. ಮೈ ಬೇಗ ತಣ್ಣಗಾಗುತ್ತದೆ, ಕಂಬಳಿ ತೆಗೆದುಕೊಂಡು ಹೋಗಿ. ಗ್ರೇಹೌಂಡುಗಳಲ್ಲಿ ಆಪರೇಷನ್ ಆದ ಒಂದೆರಡು ದಿನದ ಮೇಲೆ ರಕ್ತ ಜಿನುಗುವುದುಂಟು, ಇದಕ್ಕೂ ಹೊಲಿಗೆಯ ಸುತ್ತ ನೀಲಿ ಬಣ್ಣ ಹರಡುತ್ತಿದೆಯಾ ಅಂತ ಎರಡು ದಿನ ಆಗಾಗ ನೋಡಿ.

ಊಟದಲ್ಲಿ ಜನ ಮಾಡುವ ತಪ್ಪು ಪ್ರೀತಿಯಿಂದಲೇ ಆಗುವುದು. ಹಸಿದ ನಾಯಿಗೆ ಮೊದಲ ದಿನವೇ ತಟ್ಟೆ ತುಂಬ ಬಡಿಸಿದರೆ ಭೇದಿ ಒಂದೇ ಅಲ್ಲ, ರಕ್ತದ ಫಾಸ್ಫರಸ್, ಪೊಟ್ಯಾಶಿಯಂ ಕುಸಿದು ಜೀವಕ್ಕೇ ಅಪಾಯ. 17 ಕೆ.ಜಿ.ಗೆ ದಿನಕ್ಕೆ ಸುಮಾರು 600 ಕ್ಯಾಲೊರಿಯಿಂದ ಶುರುಮಾಡಿ: ಬೇಯಿಸಿದ ಕೋಳಿ 200 ಗ್ರಾಂ, ಅನ್ನ 200 ಗ್ರಾಂ, ನಾಲ್ಕು ಹೊತ್ತಿಗೆ ಹಂಚಿ. ತೀರ ಬಡಕಲಾಗಿದ್ದು ನಿಲ್ಲಲೂ ತ್ರಾಣ ಇಲ್ಲದಿದ್ದರೆ ಇನ್ನೂ ಕಡಿಮೆಯಿಂದ, ಡಾಕ್ಟರ ಕಣ್ಗಾವಲಿನಲ್ಲಿ. ಮಲ ಗಟ್ಟಿ ಇದ್ದರೆ ಎರಡು ದಿನಕ್ಕೊಮ್ಮೆ ಹತ್ತನೇ ಒಂದು ಭಾಗ ಏರಿಸುತ್ತಾ 1,000 ಕ್ಯಾಲೊರಿ ಮುಟ್ಟಿಸಿ, ಅಷ್ಟರಲ್ಲಿ ಒಳ್ಳೆಯ ಸಿದ್ಧ ಆಹಾರಕ್ಕೆ ನಿಧಾನವಾಗಿ ಬದಲಿಸಿ. ವಾರಕ್ಕೆ ಕಾಲು ಕೆ.ಜಿ. ಏರಿದರೆ ಸಾಕು. ಮುಧೋಳದ ಕಡೆ ಜೋಳದ ರೊಟ್ಟಿ, ಹಾಲು ಹಾಕಿ ಸಾಕುತ್ತಾರೆ ನಿಜ, ಆದರೆ ಸ್ನಾಯು ಕರಗಿದ ನಾಯಿಗೆ ಅದೊಂದೇ ಸಾಲದು, ಮೊಟ್ಟೆಯೋ ಮಾಂಸವೋ ಬೇಕು. ತುಂಬಿಕೊಂಡ ಮೇಲೂ ಕೊನೆಯ ಎರಡು ಮೂರು ಪಕ್ಕೆಲುಬು ತೆಳುವಾಗಿ ಕಾಣುತ್ತಲೇ ಇರುತ್ತವೆ, ಅದು ಆರೋಗ್ಯ. ಊಟ ಹಾಕಲ್ವಾ ಅಂತ ಓಣಿಯವರು ಕೇಳುತ್ತಾರೆ, ಕೇಳಲಿ. ಬೆನ್ನುಮೂಳೆಯ ಗೆಣ್ಣು ಒಂದೊಂದೇ ಎಣಿಸುವಂತಿದ್ದು, ತೊಡೆಯ ಮೇಲೆ ಗುಳಿ ಇದ್ದರೆ ಮಾತ್ರ ಚಿಂತೆ. ಎದೆ ಆಳದ ನಾಯಿ, ಊಟದ ಹಿಂದೆ ಮುಂದೆ ಒಂದು ಗಂಟೆ ಓಡಿಸಬೇಡಿ. ಹೊಟ್ಟೆ ಉಬ್ಬಿ, ವಾಂತಿಗೆ ಒತ್ತರಿಸಿಯೂ ಏನೂ ಬರದಿದ್ದರೆ ಹೊಟ್ಟೆ ತಿರುಚಿಕೊಂಡಿರಬಹುದು, ಬೆಳಗಾಗಲಿ ಅಂತ ಕಾಯದೆ ಹೊರಡಿ.

ಬೆಕ್ಕಿನ ವಿಷಯಕ್ಕೆ ಆತುರ ಬೇಡ. ಮೊದಲ ಎರಡು ವಾರ ಬೇರೆ ಬೇರೆ ಕೋಣೆ, ಹಾಸಿಗೆ ಬಟ್ಟೆ ಮಾತ್ರ ಅದಲುಬದಲು. ಆಮೇಲೆ ನಾಯಿಗೆ ಲೀಶ್ ಮತ್ತು ಬುಟ್ಟಿಯಂಥ ಬಾಯಿಕುಕ್ಕೆ ಹಾಕಿ ಜಾಲರಿ ಗೇಟಿನ ಆಚೆ ಹತ್ತು ಅಡಿ ದೂರದಲ್ಲಿ ಬೆಕ್ಕನ್ನು ತೋರಿಸಿ. ನಾಯಿ ನೋಡಿ, ಮುಖ ತಿರುಗಿಸಿ, ನಿಮ್ಮ ಕೈಯಿಂದ ಕೋಳಿ ತುಂಡು ತಿಂದರೆ ಆಸೆ ಇದೆ. ಕಿವಿ ನಿಗುರಿಸಿ, ಮೈ ಕಲ್ಲಾಗಿ, ತೊಡೆ ನಡುಗಿ, ಮೂಗಿನ ಮುಂದಿನ ಕೋಳಿಯನ್ನೂ ಕಾಣದೆ ನಿಂತರೆ ದೂರ ಹೆಚ್ಚಿಸಿ. ಒಂದು ತಿಂಗಳ ನಂತರವೂ ಹಾಗೆಯೇ ಇದ್ದರೆ ಅವೆರಡೂ ಒಂದೇ ಮನೆಯಲ್ಲಿ ಇರುವುದು ಸರಿಯಲ್ಲ, ಶೆಲ್ಟರಿನವರಿಗೆ ಈಗಲೇ ಹೇಳಿ ಅಲ್ಲಿಯೇ ಒಮ್ಮೆ ಬೆಕ್ಕು ತೋರಿಸಿ ನೋಡುವುದು ಇದಕ್ಕೇ. ಒಳಗೆ ಒಂದೇ ಸೋಫಾದ ಮೇಲೆ ಮಲಗುವ ಜೋಡಿಯಾದರೂ ಅಂಗಳದಲ್ಲಿ ಓಡುವ ಬೆಕ್ಕು ಅದರ ಕಣ್ಣಿಗೆ ಮೊಲವೇ. ನೀವಿಲ್ಲದಾಗ ಎರಡರ ನಡುವೆ ಬಾಗಿಲು ಹಾಕಿರಲಿ.

ಶೆಲ್ಟರಿನಲ್ಲಿ ತುಂಬ ಸಾಧು ಅಂದಿದ್ದೀರಿ. ಮೂಲೆಯಲ್ಲಿ ಬಾಲ ಒಳಗಿಟ್ಟು ಸುಮ್ಮನೆ ಕೂತ ಮುಧೋಳ ಹೆಚ್ಚಾಗಿ ಸಾಧುವಲ್ಲ, ಹೆದರಿ ಮರಗಟ್ಟಿರುತ್ತದೆ. ಈ ತಳಿ ಹೊಸಬರಿಂದ ಮುಟ್ಟಿಸಿಕೊಳ್ಳಲು ಇಷ್ಟಪಡದು, ನೆಂಟರನ್ನು ಕರೆದು ಮೈದಡವಿಸಬೇಡಿ. ಮೂರು ನಾಲ್ಕು ವಾರ ಕಳೆದ ಮೇಲೆ ನಿಜವಾದ ಸ್ವಭಾವ ಹೊರಬರುತ್ತದೆ, ಚಪ್ಪಲಿ ಕದಿಯುವುದು, ಅಡುಗೆ ಕಟ್ಟೆಗೆ ಕೈ ಹಾಕುವುದು ಆಗ ಶುರು. ಮಲಗಿದಾಗ ಕಣ್ಣು ಅರ್ಧ ತೆರೆದೇ ಇರಬಹುದು, ಎಚ್ಚರ ಇದೆ ಅಂತ ಮಕ್ಕಳು ಹೋಗಿ ಮೇಲೆ ಬೀಳಬಾರದು, ಬೆಚ್ಚಿ ಕಚ್ಚಬಹುದು. ದೂರದಿಂದ ಹೆಸರು ಕರೆದು, ತಲೆ ಎತ್ತಿದ ಮೇಲೆ ಹತ್ತಿರ ಹೋಗಿ. ಹಾಸಿಗೆ ನಾಲ್ಕು ಇಂಚು ದಪ್ಪ ಇರಲಿ, ಬರೀ ನೆಲದ ಮೇಲೆ ಮಲಗಿದರೆ ಮೊಣಕೈ ಊದಿ ನೀರು ತುಂಬುತ್ತದೆ.

ಶನಿವಾರ ಶೆಲ್ಟರಿಗೆ ಹೋದಾಗ ಒಂದು ಟೇಪು ಹಿಡಿದುಕೊಂಡು ಹೋಗಿ. ಕಿವಿಯ ಹಿಂದೆ ಕುತ್ತಿಗೆ ಸುತ್ತಳತೆ, ಕಿವಿ ಮುಂದೆ ತಲೆಯ ಸುತ್ತಳತೆ, ಎದೆ, ಸೊಂಟ, ಈ ನಾಲ್ಕು ಅಳತೆ ಇಲ್ಲಿ ಹಾಕಿ, ಬೆಲ್ಟು, ಹಾರ್ನೆಸ್ ಯಾವ ಸೈಜು ತರಿಸಬೇಕು ಅಂತ ಹೇಳುತ್ತೇನೆ.