ಐದೇ ದಿನದಲ್ಲಿ ಪೇಪರ್ ಪ್ರಕಟಿಸುವ ಜರ್ನಲ್‌ಗೆ ಕಳಿಸಬಹುದೇ?

ಸಂಶೋಧನಾ ಜರ್ನಲ್‌ಗಳ ಸೂಚಿಯಾದ ಸ್ಕೋಪಸ್‌ನಲ್ಲಿದೆ, ಇಂಪ್ಯಾಕ್ಟ್ ಫ್ಯಾಕ್ಟರ್ (ಒಂದು ಲೇಖನಕ್ಕೆ ಬರುವ ಉಲ್ಲೇಖಗಳ ಸರಾಸರಿ) 7.8, ಐದು ದಿನದಲ್ಲಿ ಪ್ರಕಟಣೆ, ಶುಲ್ಕ 3,500 ರೂಪಾಯಿ ಎಂಬ ಇಮೇಲ್ ನಂಬಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ದುಡ್ಡು ಕಟ್ಟಬೇಡಿ.

ಜರ್ನಲ್ ತನ್ನ ಬಗ್ಗೆ ಹೇಳಿಕೊಂಡದ್ದನ್ನು ಬೇರೆ ಕಡೆ ತಾಳೆ ನೋಡಬೇಕು. ಸ್ಕೋಪಸ್‌ನ 'ಸೋರ್ಸಸ್' ಪುಟ ಚಂದಾ ಇಲ್ಲದೆಯೂ ತೆರೆಯುತ್ತದೆ. ಅಲ್ಲಿ ಹೆಸರು ಬೇಡ, ಐಎಸ್‌ಎಸ್‌ಎನ್ (ಪ್ರತಿ ಜರ್ನಲ್‌ಗೆ ಕೊಡುವ ಎಂಟು ಅಂಕಿಯ ಗುರುತಿನ ಸಂಖ್ಯೆ) ಹಾಕಿ ಹುಡುಕಿ; ಒಂದೇ ಥರದ ಹೆಸರಿನ ಜರ್ನಲ್‌ಗಳು ಬೇಕಾದಷ್ಟಿವೆ. ಸಿಕ್ಕಿತು ಎಂದು ಸಮಾಧಾನಪಡಬೇಡಿ, ವರ್ಷಗಳನ್ನು ಓದಿ. '2015ರಿಂದ 2021' ಎಂದು ನಿಂತಿದ್ದರೆ ಈಗಿನ ಸಂಚಿಕೆಗಳು ಸ್ಕೋಪಸ್‌ಗೆ ಸೇರುತ್ತಿಲ್ಲ. ಒಳ್ಳೆಯ ಜರ್ನಲ್‌ನ ಹೆಸರು, ಐಎಸ್‌ಎಸ್‌ಎನ್ ಎರಡನ್ನೂ ಕದ್ದು ನಕಲಿ ವೆಬ್‌ಸೈಟ್ ನಡೆಸುವವರೂ ಇದ್ದಾರೆ. ಹಾಗಾಗಿ ಇಮೇಲ್‌ನಲ್ಲಿರುವ ಲಿಂಕ್ ಒತ್ತದೆ, ಪ್ರಕಾಶಕರ ಮುಖ್ಯ ತಾಣದಿಂದಲೇ ಜರ್ನಲ್ ತಲುಪಿ.

ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುವುದು ಕ್ಲಾರಿವೇಟ್ ಸಂಸ್ಥೆ ಮಾತ್ರ. 2022 ಮತ್ತು 2023ರ ಲೇಖನಗಳಿಗೆ 2024ರಲ್ಲಿ ಬಂದ ಉಲ್ಲೇಖಗಳನ್ನು ಆ ಎರಡು ವರ್ಷಗಳ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ 2024ರ ಇಂಪ್ಯಾಕ್ಟ್ ಫ್ಯಾಕ್ಟರ್ ಸಿಗುತ್ತದೆ. ಹಿಂದೆಮುಂದೆ ಬೇರೆ ಪದ ಸೇರಿಸಿಕೊಂಡ 'ಫ್ಯಾಕ್ಟರ್'ಗಳಿಗೆ ಬೆಲೆಯಿಲ್ಲ. 'ಯುಜಿಸಿ ಕೇರ್ ಪಟ್ಟಿಯಲ್ಲಿದ್ದೇವೆ' ಎಂದರೂ ಮರುಳಾಗಬೇಡಿ, ಒಪ್ಪಿತ ಜರ್ನಲ್‌ಗಳ ಆ ಪಟ್ಟಿಯನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2025ರ ಫೆಬ್ರವರಿಯಲ್ಲಿ ಕೈಬಿಟ್ಟಿದೆ.

ಪಟ್ಟಿಗಳೂ ಮೋಸ ಹೋಗುತ್ತವೆ. ಆದ್ದರಿಂದ ನಾನು ಹೆಚ್ಚು ನೆಚ್ಚುವುದು ಇತ್ತೀಚಿನ ಸಂಚಿಕೆಯನ್ನೇ. ಹತ್ತು ಪೇಪರ್ ತೆರೆದು ಮೊದಲ ಪುಟದ 'ರಿಸೀವ್ಡ್', 'ಆಕ್ಸೆಪ್ಟೆಡ್' ದಿನಾಂಕ ಬರೆದುಕೊಳ್ಳಿ. ಎಲ್ಲವೂ ನಾಲ್ಕೈದು ದಿನದಲ್ಲಿ ಒಪ್ಪಿಗೆಯಾಗಿದ್ದರೆ ವಿಮರ್ಶಕರು ಓದಿಲ್ಲ. ಕೋಳಿ ಸಾಕಣೆ, ವಚನ ಸಾಹಿತ್ಯ, ಕ್ಲೌಡ್ ಕಂಪ್ಯೂಟಿಂಗ್ ಮೂರೂ ಒಂದೇ ಸಂಚಿಕೆಯಲ್ಲಿದ್ದರೆ ಓದುವ ಸಂಪಾದಕರೂ ಇಲ್ಲ. ನಿಮ್ಮ ವಿಷಯದ ಎರಡು ಪೇಪರ್ ಪೂರ್ತಿ ಓದಿ: ಗ್ರಾಫಿನ ಅಕ್ಷಕ್ಕೆ ಏಕಮಾನ ಇದೆಯೇ, ಸ್ಯಾಂಪಲ್ ಎಷ್ಟೆಂದು ಹೇಳಿದ್ದಾರೆಯೇ? ಸಂಪಾದಕ ಮಂಡಳಿಯಲ್ಲಿ ಒಬ್ಬಿಬ್ಬರ ವಿಶ್ವವಿದ್ಯಾಲಯದ ಪುಟಕ್ಕೂ ಹೋಗಿ, ಅಲ್ಲಿ ಈ ಜರ್ನಲ್‌ನ ಸುದ್ದಿಯಿದೆಯೇ ನೋಡಿ.

ಶುಲ್ಕ ಕೇಳಿದ ಮಾತ್ರಕ್ಕೆ ಕೆಟ್ಟದ್ದಲ್ಲ, ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಒಳ್ಳೆಯ ಮುಕ್ತ ಜರ್ನಲ್‌ಗಳೂ ಕೇಳುತ್ತವೆ. ಆದರೆ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಭೌತವಿಜ್ಞಾನದ ಜರ್ನಲ್ 'ಪ್ರಮಾಣ'ದಂಥವುಗಳಲ್ಲಿ ದುಡ್ಡು ಕೊಡದೆಯೂ ಪ್ರಕಟಿಸಬಹುದು.

ಈಗಾಗಲೇ ಕಳಿಸಿದ್ದರೆ ಕಾಪಿರೈಟ್ ಫಾರ್ಮ್‌ಗೆ ಸಹಿ ಹಾಕಬೇಡಿ. ಹಿಂಪಡೆಯುತ್ತಿದ್ದೇನೆ ಎಂದು ಇಂದೇ ಇಮೇಲ್ ಬರೆದು ಪ್ರತಿ ಇಟ್ಟುಕೊಳ್ಳಿ. ಅಲ್ಲಿ ಒಮ್ಮೆ ಅಚ್ಚಾದ ಪೇಪರನ್ನು ಒಳ್ಳೆಯ ಜರ್ನಲ್ ಮತ್ತೆ ತೆಗೆದುಕೊಳ್ಳುವುದಿಲ್ಲ.